ಪಂಚಮಿಯ ಡಬ್ಬಿಗಳು ಬರದ ವರ್ಷ

ಅಂಗಡಿಯಲ್ಲಿ ನನ್ನ ಗಲ್ಲಾದ ಹಿಂದೆ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ, ಒಂದೇ ಅಳತೆಯ ಸ್ಟೀಲ್ ಡಬ್ಬಿಗಳ ಸಾಲಿದೆ. ಗಿರಾಕಿಗಳು ಕೈ ತೋರಿಸಿ ಕೇಳಿದರೆ "ಅವು ಮಾರಾಕಲ್ರಿ" ಎನ್ನುತ್ತೇನೆ. ಪ್ರತಿ ಮುಚ್ಚಳದ ಮೇಲೂ ಎರಡು ನೆಟ್ಟನೆಯ ಗೆರೆ, ಅವುಗಳ ಕೆಳಗೆ ಒಂದು ಅಡ್ಡಗೆರೆ ಕೊರೆದಿದೆ. ಅದು ಜೋಕಾಲಿ. ಕೊರೆದವಳು ನನ್ನ ಹೆಂಡತಿ.

ನಮ್ಮದು ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೇರೆಯವರ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಮದುವೆಯಾದ ಮೇಲೆ ಸ್ವಂತದ್ದು ಹಾಕಿದೆ. ಮೂವತ್ನಾಲ್ಕು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ಪಿಯುಸಿಯನ್ನು ಎರಡು ಸಲ ಕಟ್ಟಬೇಕಾಯಿತು. ನಾನು ಒಳಗೆ ಕೂತು ಓದುವಾಗ ಹೊರಗೆ ಅಂಗಡಿ ನೋಡಿಕೊಂಡವಳು ಅವಳೇ. ಗಿರಾಕಿಗಳು ಕೊಂಡ ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಷಿನ್ನು ಅವಳ ಕೈಯಲ್ಲಿರುತ್ತಿತ್ತು. ನಾಲ್ಕನೇ ಕ್ಲಾಸು ಓದಿದವಳ ಅಕ್ಷರ ನನ್ನ ಅಕ್ಷರಕ್ಕಿಂತ ಚೆಂದ ಇತ್ತು. "ಪಿಯುಸಿ ಓದಿದೋರು ಕೊರದ್ರೆ ಕೊಡ ತೂತು ಬೀಳ್ತೈತಿ, ನೀವು ಸುಮ್ಕ ಕುಂದ್ರಿರಿ" ಎಂದು ಗಿರಾಕಿಗಳ ಮುಂದೆಯೇ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಓದಿದ್ದರಿಂದ ನನಗೆ ಒಳ್ಳೆಯದಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದರ ಜೊತೆಗೆ ಒಂದು ದೋಷವೂ ಹತ್ತಿತು. ಯಾರಾದರೂ ಬೋರ್ಡಿನ ಮೇಲೆ ಬರೆದು ಹೇಳಿದ್ದೆಲ್ಲ ನಿಜ ಎಂದೂ, ಮನೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಅದಕ್ಕಿಂತ ಕಡಿಮೆ ಎಂದೂ ಅನ್ನಿಸತೊಡಗಿತು.

ಅವಳದು ಹಂಪಸಾಗರ. ಚಿಕ್ಕವಳಿದ್ದಾಗಲೇ ತಾಯಿ ಹೋಗಿದ್ದಳು. ನಮ್ಮ ಮದುವೆಯಾದ ಮರುವರ್ಷ ತಂದೆಯೂ ಹೋದರು. ಅಣ್ಣ ತಮ್ಮ ಯಾರೂ ಇಲ್ಲ. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು, ಅಲ್ಲಿ ಅವರು ಉಂಡಿ ತಿಂದು ಜೋಕಾಲಿ ಆಡಬೇಕು. ಹಬ್ಬ ನಾಲ್ಕು ದಿನ ಇದೆ ಎನ್ನುವಾಗಲೇ ನಮ್ಮ ಓಣಿ ಖಾಲಿಯಾಗುತ್ತಿತ್ತು. ಎದುರುಮನೆಯವಳು ಚೀಲ ಹಿಡಿದು ಹೊರಟಾಗ "ನಿನ್ನ ಕರಿಯಾಕ ಯಾರೂ ಬರಲಿಲ್ಲೇನಬೇ?" ಎಂದು ಕೇಳುವಳು. ಇವಳು "ಇಲ್ಲೇ ಗಿರಾಕಿ ಕರೀತಾರ, ಹೋಗು" ಎಂದು ಮಾತು ಹಾರಿಸುವಳು. ನಮಗೆ ಮಕ್ಕಳಾಗಲಿಲ್ಲ. ಆ ಸಂಗತಿಯನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಒಂದು ವರ್ಷ ಹಲವಾಗಲಿನಿಂದ ಒಬ್ಬ ಹೆಣ್ಣುಮಗಳು ಮಗಳ ಮದುವೆಯ ಪಾತ್ರೆ ತೆಗೆದುಕೊಳ್ಳಲು ಬಂದಿದ್ದಳು. ನನ್ನ ಹೆಂಡತಿಗಿಂತ ಆರೇಳು ವರ್ಷ ದೊಡ್ಡವಳು. ಇಬ್ಬರೂ ಅಕ್ಕ, ತಂಗಿ ಎಂದು ಮಾತಿಗೆ ಹತ್ತಿದರು. ಕೊಡ, ಪರಾತ, ತಟ್ಟೆ, ಲೋಟ, ಎಲ್ಲದರ ಮೇಲೂ ಮದುಮಗಳ ಹೆಸರು ಕೊರೆಯಲು ಮಧ್ಯಾಹ್ನವಿಡೀ ಹಿಡಿಯಿತು. ಪಂಚಮಿಗೆ ಎರಡು ದಿನ ಮುಂಚೆ ಅದೇ ಹೆಣ್ಣುಮಗಳು ಪೇಟೆಗೆ ಬಂದಾಗ ಇವಳು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಒಂದು ಸ್ಟೀಲ್ ಡಬ್ಬಿ ತುಂಬಿಸಿ ಕೊಟ್ಟಳು.

"ಅಕ್ಕಾ, ಮದುವ್ಯಾದ ಮಗಳು ಮೊದಲ್ನೇ ಪಂಚಮಿಗೆ ಬರ್ತಾಳ. ನಮ್ಮವೂ ಎಲ್ಡು ತಿನ್ನಾಕ ಹೇಳು."

"ಡಬ್ಬಿ?"

"ಡಬ್ಬಿ ಎಲ್ಲಿ ಹೋಗ್ತೈತಿ? ಬಂದಾಗ ತರುವಂತಿ."

ನಮ್ಮಲ್ಲಿ ಒಂದು ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸು ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಹದಿನೈದು ದಿನಕ್ಕೆ ಆ ಡಬ್ಬಿ ಹೊಳೆದಂಡೆಯ ಗದ್ದೆಯ ಅಕ್ಕಿ ತುಂಬಿಕೊಂಡು ಬಂತು. ಇವಳು ಆ ಅಕ್ಕಿಯನ್ನು ಮೊರಕ್ಕೆ ಸುರಿದು, ಕೈಯಾಡಿಸುತ್ತಾ ಎಷ್ಟೋ ಹೊತ್ತು ಕೂತಿದ್ದಳು.

ಮರುವರ್ಷ ಐದು ಡಬ್ಬಿ, ಆಮೇಲೆ ಹದಿನೈದು. ಯಾವ ಮನೆಯವರು ಮಗಳ ಮದುವೆ ಪಾತ್ರೆಯನ್ನು ನಮ್ಮಲ್ಲಿ ಕೊಂಡಿದ್ದಾರೋ ಅವರಿಗೆಲ್ಲ ಪಂಚಮಿಗೆ ಒಂದು ಡಬ್ಬಿ. ಯಾವುದು ನಮ್ಮ ಡಬ್ಬಿ ಎಂದು ಗುರುತಿರಲಿ ಎಂದು ಮುಚ್ಚಳಕ್ಕೆ ಜೋಕಾಲಿ ಕೊರೆದಳು. ಅಂಗಡಿ ಹೆಸರು ಹಾಕು ಎಂದು ನಾನು ಹೇಳಿದ್ದಕ್ಕೆ, "ತವರುಮನಿ ಡಬ್ಬಿ ಮ್ಯಾಗ ಯಾರರ ಬೋರ್ಡ್ ಬರಸ್ತಾರೇನ್ರಿ?" ಎಂದಳು.

ಡಬ್ಬಿಗಳು ಬರುತ್ತಿದ್ದವು. ಕೂಡ್ಲಿಗಿಯಿಂದ ಬೀಜ ತೆಗೆದ ಹುಣಸೆಹಣ್ಣು. ಹಡಗಲಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ. ಅದನ್ನು ಬಸ್ಸಿನ ಕಂಡಕ್ಟರು ತಂದು ಕೊಟ್ಟು, "ಅಕ್ಕಾರ, ಬಸ್ಸೆಲ್ಲ ಮದುವಿಮನಿ ಆಗಿತ್ತು" ಎಂದಿದ್ದ. ಹರಪನಹಳ್ಳಿಯ ಒಬ್ಬಾಕೆ ಮಂಡಕ್ಕಿ ತುಂಬಿ ಮೇಲೆ ಎರಡು ಹಸಿಮೆಣಸಿನಕಾಯಿ ಇಟ್ಟಿದ್ದಳು. ಶ್ರಾವಣದಿಂದ ದೀಪಾವಳಿಯವರೆಗೆ ಅವಳ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಬಂದ ಹೆಂಗಸರು ಪಾತ್ರೆ ಕೊಳ್ಳದಿದ್ದರೂ ಒಳಗೆ ಹೋಗಿ ಚಾ ಕುಡಿದು, ಮಗಳ ಸುದ್ದಿ ಹೇಳಿ, ಅತ್ತು, ನಕ್ಕು ಹೋಗುತ್ತಿದ್ದರು. ಅಂಗಡಿಗೂ ಒಳ್ಳೆಯದೇ ಆಯಿತು. ಅಕ್ಕನಿಗೆ ಕೊಂಡವರು ತಂಗಿಗೂ ನಮ್ಮಲ್ಲೇ ಕೊಳ್ಳುತ್ತಿದ್ದರು.

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಹೇಳುತ್ತಾ ಎರೆಯುವುದು ರೂಢಿ. ಇವಳು ಅಪ್ಪ ಅವ್ವನ ಪಾಲು ಎರೆದ ಮೇಲೆ, "ಹಲವಾಗಲ ಅಕ್ಕನ ಪಾಲು, ಕೂಡ್ಲಿಗಿ ಅಕ್ಕನ ಪಾಲು, ಹಡಗಲಿ ತಂಗಿ ಪಾಲು" ಎಂದು ಊರೂರಿನದನ್ನೂ ಎರೆಯುತ್ತಿದ್ದಳು. ಹಿಂದೆ ನಿಂತ ಹೆಂಗಸರು "ಏ ಯವ್ವಾ, ನಿನ್ನ ತವರು ಮುಗಿಯಂಗೇ ಇಲ್ಲೇನು, ನಮಗೂ ಜಾಗ ಬಿಡು" ಎಂದು ಗದರುತ್ತಿದ್ದರು. ಅವಳಿಗೆ ಅದನ್ನು ಕೇಳಿಸಿಕೊಳ್ಳುವುದೇ ಒಂದು ಸುಖ.

ನಾಲ್ಕು ವರ್ಷದ ಹಿಂದೆ ಮಿಕ್ಸಿ ಮಾಡುವ ಒಂದು ಕಂಪನಿಯವರು ಹೊಸಪೇಟೆಯಲ್ಲಿ ನಮ್ಮಂಥ ಅಂಗಡಿಯವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಹಬ್ಬಗಳನ್ನು ಬಳಸಿಕೊಂಡು ಗ್ರಾಹಕರ ಸಂಬಂಧ ಗಟ್ಟಿ ಮಾಡುವುದು ಹೇಗೆ ಎಂಬುದು ವಿಷಯ. ಹೇಳಿಕೊಡಲು ಬಂದಾತ ಒಳ್ಳೆಯ ಮನುಷ್ಯ. ಆತನನ್ನು ನಾನು ಈಗಲೂ ಬಯ್ಯುವುದಿಲ್ಲ. ನೀವು ಹಬ್ಬಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಾಗ ನಾನು ಎದ್ದು ನಿಂತು ಉಂಡಿ ಡಬ್ಬಿಯ ಕತೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲೆಯಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

"ಡಬ್ಬಿಗಳೆಲ್ಲ ವಾಪಸ್ ಬರ್ತವಾ?" ಎಂದು ಆತ ಕೇಳಿದ.

"ಕೆಲವು ಬರಂಗಿಲ್ಲ ಸಾರ್. ಹೋದ ವರ್ಷ ಅರವತ್ತು ಕಳಿಸಿದ್ವಿ. ಇಪ್ಪತ್ತೆರಡು ಇನ್ನೂ ಬಂದಿಲ್ಲ."

"ನೋಡಿ, ಅಲ್ಲೇ ತಪ್ಪಾಗಿರೋದು. ವಾಪಸ್ ಕೊಡಬೇಕು ಅನ್ನೋದು ಗ್ರಾಹಕರಿಗೆ ಭಾರ. ಕೊಡೋದಿದ್ರೆ ಪೂರ್ತಿ ಕೊಟ್ಟುಬಿಡಿ. ಅಂಗಡಿ ಹೆಸರು, ಫೋನ್ ನಂಬರು ಪ್ರಿಂಟ್ ಮಾಡಿಸಿದ ಚಂದದ ಬಾಕ್ಸು. ಅರವತ್ತಲ್ಲ, ಮುನ್ನೂರು ಮನೆ ಮುಟ್ಟಬಹುದು."

ಆ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಮನೆಗೆ ಬಂದು ಅವಳಿಗೆ ಹೇಳಿದೆ. ಈ ಸಲ ರಟ್ಟಿನ ಡಬ್ಬಿ. ಉಂಡಿಯನ್ನು ಮಿಠಾಯಿ ಅಂಗಡಿಯವರಿಗೆ ಹೇಳಿ ಮಾಡಿಸೋಣ. ನಿನಗೂ ತ್ರಾಸು ಕಡಿಮೆ. ಅವಳು ಒಂದು ಪರಾತಕ್ಕೆ ಹೆಸರು ಕೊರೆಯುತ್ತಿದ್ದಳು. ಮಿಷಿನ್ನು ನಿಲ್ಲಿಸಿದಳು.

"ಯಾಕ್ರಿ, ನನ್ನ ಉಂಡಿ ಚಲೋ ಇದ್ದಿಲ್ಲೇನು?"

ನಾನು ಹೊಸಪೇಟೆಯಿಂದ ಖುಷಿಯಲ್ಲಿ ಬಂದಿದ್ದೆ. ತಮಾಷೆ ಮಾಡಿದೆ.

"ಹೋದ ವರ್ಷದ ಶೇಂಗಾ ಉಂಡಿ ಒಂಚೂರು ಕಮಟು ಇದ್ವು ಬಿಡಲೇ. ಅದಕ್ಕ ಇಪ್ಪತ್ತೆರಡು ಮಂದಿ ಡಬ್ಬಿ ತಗಂಡು ಓಡಿ ಹೋಗ್ಯಾರ."

ಹಳೆಯ ಶೇಂಗಾಕ್ಕೆ ಬರುವ ಎಣ್ಣೆಯ ಕೆಟ್ಟ ವಾಸನೆಗೆ ನಾವು ಕಮಟು ಎನ್ನುತ್ತೇವೆ. ಅವಳು ನಗಲಿಲ್ಲ. ಮಿಷಿನ್ನು ಮತ್ತೆ ಗುಂಯ್ ಎಂದಿತು. ನಾನು ಪ್ರೆಸ್ಸಿನವರಿಗೆ ಫೋನು ಮಾಡಲು ಹೊರಗೆ ಹೋದೆ.

ಆ ಪಂಚಮಿಗೆ ಮುನ್ನೂರು ರಟ್ಟಿನ ಡಬ್ಬಿ ಹಂಚಿದೆ. ಮೇಲೆ ಹೂವಿನ ಚಿತ್ರ, ಅಂಗಡಿ ಹೆಸರು, ಹಬ್ಬದ ಶುಭಾಶಯ. ಗಾಡಿಯಲ್ಲಿ ಹಗರಿಬೊಮ್ಮನಹಳ್ಳಿಯವರೆಗೂ ನಾನೇ ಹೋಗಿ ಕೊಟ್ಟು ಬಂದೆ. ಫೋನಿನಲ್ಲಿ ಗಿರಾಕಿಗಳ ಗುಂಪು ಮಾಡಿ ಶುಭಾಶಯ ಹಾಕಿದೆ. ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಂದವು. ಅವಳಿಗೆ ತೋರಿಸಿದೆ.

"ಇಷ್ಟು ಹೆಬ್ಬೆಟ್ಟು ತಗಂಡು ಏನ್ ಮಾಡ್ತೀರಿ? ಇಡಾಕ ಡಬ್ಬಿನೂ ಇಲ್ಲ" ಎಂದಳು.

ಪಂಚಮಿ ಕಳೆದು ಹದಿನೈದು ದಿನವಾಯಿತು. ಗಣಪತಿ ಹಬ್ಬ ಬಂತು, ಹೋಯಿತು. ಬಾಗಿಲಲ್ಲಿ ಬಸ್ಸಿನ ಕಂಡಕ್ಟರ್ ನಿಂತರೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬರುವಳು. ಆತ ಬೇರೆ ಯಾರದೋ ಪಾರ್ಸಲ್ಲಿನ ವಿಚಾರ ಕೇಳುವನು. ಗಿರಾಕಿಗಳು ಬರುತ್ತಿದ್ದರು, ಕೊಳ್ಳುತ್ತಿದ್ದರು. ಆದರೆ ಒಳಗೆ ಬಂದು ಚಾ ಕುಡಿಯುವವರು ಕಡಿಮೆಯಾದರು. ಹಳೆಯ ಇಪ್ಪತ್ತೆರಡು ಮನೆಯವರಂತೂ ಅಂಗಡಿಯ ಕಡೆಗೇ ಬರಲಿಲ್ಲ. ಒಮ್ಮೆ ಹಲವಾಗಲಿನ ಅಕ್ಕ ಪೇಟೆಯಲ್ಲಿ ಎದುರಾದಳಂತೆ. ಇವಳನ್ನು ನೋಡಿ ಬಳೆ ಅಂಗಡಿಯೊಳಗೆ ಹೋಗಿಬಿಟ್ಟಳಂತೆ. ಇದನ್ನು ಅವಳು ಅನ್ನ ಬಡಿಸುತ್ತಾ ಹೇಳಿದಳು. ನಾನು "ನೋಡಿರಂಗಿಲ್ಲ ಬಿಡು" ಎಂದೆ.

"ನೋಡಿದ್ಲು" ಎಂದಳು.

ಎರಡನೇ ವರ್ಷವೂ ರಟ್ಟಿನ ಡಬ್ಬಿಯೇ. ಆ ಸಲ ಅವಳು ಹುತ್ತಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದು ಸುಮ್ಮನಾದಳು. ಗಿಂಡಿಯಲ್ಲಿ ಇನ್ನೂ ಹಾಲಿತ್ತು. ಹಿಂದೆ ನಿಂತವರು "ಯಾಕಬೇ, ಇಷ್ಟಕ್ಕ ಮುಗೀತಾ?" ಎಂದರು. ಉಳಿದ ಹಾಲನ್ನು ಬೇರೊಬ್ಬಳ ತಂಬಿಗೆಗೆ ಸುರಿದು ಬಂದಳು. ಅದನ್ನು ನಾನು ನೋಡಿದೆ, ನೋಡಿಯೂ ಏನೂ ಕೇಳಲಿಲ್ಲ. ಗ್ರಾಹಕರ ಮನಸ್ಸನ್ನು ಕೇಳಿ ತಿಳಿಯಬೇಕು ಎಂದು ನನ್ನ ನೋಟ್ ಬುಕ್ಕಿನಲ್ಲಿ ಬರೆದಿತ್ತು.

ಆ ಚಳಿಗಾಲದಲ್ಲಿ ಅವಳ ಕಾಲು ಬಾತವು. ದಾವಣಗೆರೆಗೆ ತೋರಿಸಲು ಹೋದೆವು. ಕಿಡ್ನಿ ಎಂದರು. ಡಯಾಲಿಸಿಸ್ಸಿಗೆಂದು ವಾರಕ್ಕೆ ಎರಡು ಸಲ ಹೋಗಿ ಬರುವುದಾಯಿತು. ಹರಪನಹಳ್ಳಿ ದಾಟುವಾಗ ಬಸ್ಸಿನ ಕಿಟಕಿಯಿಂದ ಮಂಡಕ್ಕಿ ಮೂಟೆಗಳನ್ನು ನೋಡಿ, "ಇಲ್ಲಿಯಾಕಿ ಮೆಣಸಿನಕಾಯಿ ಇಟ್ಟು ಕೊಡ್ತಿದ್ಲು, ನೆನಪೈತೇನ್ರಿ?" ಎಂದು ಕೇಳಿದಳು. ನೆನಪಿದೆ ಎಂದೆ.

ದವಾಖಾನೆಯ ಮಂಚದ ಮೇಲೆ ಮಲಗಿದ್ದಾಗ ಒಂದು ಮಧ್ಯಾಹ್ನ ಕೇಳಿದಳು.

"ಖರೇ ಹೇಳ್ರಿ. ಆ ವರ್ಷ ಉಂಡಿ ಅಷ್ಟು ಕಮಟು ಇದ್ವೇನು?"

ಯಾವ ವರ್ಷ, ಯಾವ ಉಂಡಿ ಎಂದು ನನಗೆ ಒಮ್ಮೆಗೇ ಹೊಳೆಯಲಿಲ್ಲ. ಹೊಳೆದ ಮೇಲೆ ಮಂಚದ ಹತ್ತಿರಕ್ಕೆ ಸರಿದು ಕೂತೆ.

"ಏ, ಅದು ತಮಾಷಿಗಂದಿದ್ದು ಮಾರಾಯ್ತಿ. ಇನ್ನೂ ಅದನ್ನ ಹಿಡಕಂಡು ಕುಂತೀಯಾ?"

"ತಮಾಷಿ ಆಗಿದ್ರೆ ಅವ್ರು ಯಾಕ ಬರಲಿಲ್ಲ? ಶೇಂಗಾ ಹೊಸವೇ ತರಿಸಿದ್ದೆ. ಮಳಿ ಹಿಡಿದಿತ್ತು ನೋಡ್ರಿ, ಹುರಿದಿದ್ದು ಆರಲಿಲ್ಲೇನೋ. ಹಬ್ಬದ ದಿನ ಹೆಣ್ಮಕ್ಳ ಬಾಯಿಗೆ ಕಮಟು ಹಾಕಿದ್ನೇನೋ ಅಂತ."

ಈ ಪಂಚಮಿಗೆ ಸ್ಟೀಲ್ ಡಬ್ಬಿಯಲ್ಲೇ ಕಳಿಸೋಣ, ನೀನೇ ಉಂಡಿ ಕಟ್ಟು, ಎಲ್ಲರೂ ಬರುತ್ತಾರೆ ನೋಡು ಎಂದು ಮಾತು ಕೊಟ್ಟೆ. ಊರಿಗೆ ಬಂದು ಹಲಗೆಯ ಮೇಲಿದ್ದ ಮೂವತ್ತೆಂಟು ಡಬ್ಬಿಗಳನ್ನು ಇಳಿಸಿ ತೊಳೆಯಲು ಹಾಕಿದೆ. ಅವಳು ಕೂತಲ್ಲಿಯೇ ಅವುಗಳನ್ನು ಒಂದೊಂದಾಗಿ ಒರೆಸಿದಳು. ಆ ಇಪ್ಪತ್ತೆರಡು ಮನೆಗೆ ಫೋನು ಮಾಡಿ ಯಾಕೆ ಬರುತ್ತಿಲ್ಲ ಎಂದು ಕೇಳೋಣವೇ ಎಂದು ಒಮ್ಮೆ ನನಗೆ ಅನ್ನಿಸಿತ್ತು. ಡಬ್ಬಿ ಕೇಳಲು ಫೋನು ಮಾಡಿದಂತೆ ಆಗುತ್ತದೆ ಎಂದು ಸುಮ್ಮನಾದೆ. ಆ ಒಂದು ಫೋನು ಮಾಡಬೇಕಾಗಿತ್ತು.

ಕಾರಹುಣ್ಣಿಮೆ ಕಳೆದ ಮೂರನೇ ದಿನ ಅವಳು ಹೋದಳು. ಪಂಚಮಿಗೆ ಇನ್ನೂ ಒಂದೂವರೆ ತಿಂಗಳಿತ್ತು.

ಅಂಗಡಿ ಯಾಕೆ ಮುಚ್ಚಿದೆ ಎಂದು ಜನ ಕೇಳುತ್ತಾರೆಂದು, ಶುಭಾಶಯ ಹಾಕುತ್ತಿದ್ದ ಅದೇ ಗುಂಪಿನಲ್ಲಿ ಸುದ್ದಿ ಹಾಕಿದೆ. ಈ ಸಲ ಕೈಮುಗಿದ ಚಿತ್ರಗಳು ಬಂದವು.

ಸಾವಾದ ಮನೆಯಲ್ಲಿ ನಾವು ಆ ವರ್ಷದ ಹಬ್ಬಕ್ಕೆ ಉಂಡಿ ಕಟ್ಟುವುದಿಲ್ಲ, ಹಾಲೂ ಎರೆಯುವುದಿಲ್ಲ. ನಮಗೆ ಬೇಕಾದವರು ತಮ್ಮ ಮನೆಯಲ್ಲಿ ಮಾಡಿ ತಂದು ಕೊಡುತ್ತಾರೆ. ಪಂಚಮಿಯ ದಿನ ನಾನು ಬಾಗಿಲು ಅರ್ಧ ತೆರೆದು ಒಳಗೆ ಕೂತಿದ್ದೆ. ಹನ್ನೊಂದರ ಹೊತ್ತಿಗೆ ಹಲವಾಗಲಿನ ಅಕ್ಕ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಜೋಕಾಲಿ.

ಡಬ್ಬಿಯನ್ನು ನನ್ನ ಮುಂದೆ ಇಟ್ಟು, ಗೋಡೆಗೆ ಒರಗಿ ಕೂತು ಅತ್ತಳು. ಆಮೇಲೆ ತಾನೇ ಹೇಳತೊಡಗಿದಳು.

"ಅಣ್ಣಾರ, ನಂದು ತಪ್ಪಾತು. ಆ ವರ್ಷ ನನ್ನ ಮಗಳು ಬಸುರಿ. ಏನ್ ತಿಂದ್ರೂ ವಾಂತಿ ಮಾಡ್ಕಳಾಕಿ. ತಂಗಿ ಕಳಿಸಿದ ಶೇಂಗಾ ಉಂಡಿ ಒಂದೇ ಆಕಿಗೆ ಒಳಗ ನಿಂತಿದ್ದು. ಒಂಬತ್ತು ದಿನ ಅದನ್ನೇ ತಿಂದ್ಲು. ಅಂಥಾ ಡಬ್ಬ್ಯಾಗ ಒಂದು ಸೇರು ಅಕ್ಕಿ ಹಾಕಿ ಹೆಂಗ ಕೊಡ್ಲಿ? ಕೂಸು ಹುಟ್ಟಲಿ, ತೊಟ್ಲದ ದಿನ ಸಿಹಿ ತುಂಬಿಸಿ ಕೊಡಾಣ ಅಂತ ಇಟ್ಕಂಡೆ. ತೊಟ್ಲ ಆತು, ಒಂದಲ್ಲ ಒಂದು ತಾಪತ್ರಯ, ಬರಾಕ ಆಗಲಿಲ್ಲ. ಅಷ್ಟೊತ್ತಿಗೆ ಮತ್ತ ಪಂಚಮಿ ಬಂತು. ನೀವು ರಟ್ಟಿನ ಡಬ್ಬಿ ಕೊಟ್ಟು ಹೋದ್ರಿ."

"ಹೌದು."

"ಅಯ್ಯೋ ಶಿವನೇ, ಡಬ್ಬಿ ವಾಪಸ್ ಕೊಡದೇ ಇದ್ದಿದ್ದಕ್ಕ ತಂಗಿ ಸಿಟ್ಟಾಗ್ಯಾಳ, ಅದಕ್ಕ ರಟ್ಟಿಂದು ಕಳಿಸ್ಯಾಳ ಅಂದ್ಕಂಡೆ. ನಾ ಒಬ್ಬಾಕಿನೇ ಅಲ್ಲ. ಡಬ್ಬಿ ಇಟ್ಕಂಡೋರೆಲ್ಲ ಹಂಗೇ ಅಂದ್ಕಂಡಾರ. ಪ್ಯಾಟ್ಯಾಗ ಆಕಿ ಎದುರಿಗೆ ಬಂದ್ರೆ ಮಾರಿ ತೋರ್ಸಾಕ ನಾಚಿಕಿ ಆಗಿ ಬಳಿ ಅಂಗಡಿ ಹೊಕ್ಕೆ. ಎಲ್ಡು ವರ್ಷ ಈ ಡಬ್ಬಿ ನನ್ನ ಗೋಡಿ ಗೂಡಿನಾಗ ಕುಂತು ನನ್ನ ಬೈತಿತ್ತು."

ನಾನು ಹೊಸಪೇಟೆಯ ತರಬೇತಿ, ಮುನ್ನೂರು ಮನೆ, ಭಾರ ಕೊಡಬಾರದು ಎಂದು ಹೇಳಿದ್ದು, ಎಲ್ಲ ತಿಳಿಸಿದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಅದು ಭಾರ ಅಲ್ರಿ ಅಣ್ಣಾರ. ಅದು ಬರಾಕ ಒಂದು ನೆಪ. ನೆಪ ಇಲ್ದಲೇ ನಾವು ಹೆಣ್ಮಕ್ಳು ಮನಿ ಬಿಟ್ಟು ಎಲ್ಲಿಗೆ ಹೋಗಾಕಾಗ್ತೈತಿ?"

ಹೊರಡುವಾಗ ಹೊಸ್ತಿಲಲ್ಲಿ ನಿಂತಳು.

"ಈ ಮನ್ಯಾಗ ಈ ವರ್ಷ ಹಾಲೆರಿಯಂಗಿಲ್ಲ ಅಂತ ಗೊತ್ತೈತಿ. ಮುಂಜಾನೆ ನಾನೇ ಎರೆದು ಬಂದೀನಿ. ಕೊಟ್ಟೂರು ತಂಗಿ ಪಾಲು ಅಂತ."

ಸಂಜೆಯೊಳಗೆ ಇನ್ನೂ ಒಂಬತ್ತು ಡಬ್ಬಿ ಬಂದವು. ಮರುದಿನ, ಅದರ ಮರುದಿನ ಇನ್ನಷ್ಟು. ಕಂಡಕ್ಟರು ಎರಡು ತಂದು ಕೊಟ್ಟು, ಟೋಪಿ ತೆಗೆದು ನಿಂತ. ಹಡಗಲಿಯ ಡಬ್ಬಿಯಲ್ಲಿ ಉಂಡಿಯ ಮೇಲೆ ಒಂದು ಮೊಳ ಮಲ್ಲಿಗೆ ಇತ್ತು. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಬಂದವು. ಒಬ್ಬರೂ ಖಾಲಿ ತರಲಿಲ್ಲ. ಅವಳು ಎರಡು ಶ್ರಾವಣ ಬಾಗಿಲ ಕಡೆ ಕಿವಿ ಇಟ್ಟು ಕಾದದ್ದು ಇದಕ್ಕೇ. ಅವಳಿದ್ದಾಗ ಒಂದು ಬಂದಿದ್ದರೂ ಸಾಕಾಗುತ್ತಿತ್ತು.

ಪಾತ್ರೆ ಅಂಗಡಿಯವನ ಮನೆಯಲ್ಲಿ ಅಷ್ಟು ಉಂಡಿ ಸುರಿದುಕೊಳ್ಳಲು ಪಾತ್ರೆ ಸಾಲಲಿಲ್ಲ. ಅಂಗಡಿಯಿಂದ ದೊಡ್ಡ ಪರಾತ ತಂದೆ. ಹಲವಾಗಲಿನ ಡಬ್ಬಿಯನ್ನು ಕೊನೆಗೆ ತೆರೆದೆ. ಶೇಂಗಾ ಉಂಡಿ. ಒಂದನ್ನು ತೆಗೆದು ಮೂಗಿನ ಹತ್ತಿರ ಹಿಡಿದೆ. ಬೆಲ್ಲ, ಏಲಕ್ಕಿ, ಹುರಿದ ಶೇಂಗಾ. ಕಮಟು ಇರಲಿಲ್ಲ.

ಆಗ ನನಗೆ ಒಂದು ನೆನಪಾಯಿತು. ಆ ವರ್ಷ ಅರವತ್ತು ಡಬ್ಬಿ ತುಂಬಿ ಉಳಿದ ನಾಲ್ಕು ಉಂಡಿಗಳನ್ನು ಅವಳು ತಟ್ಟೆಯಲ್ಲಿಟ್ಟು ನನ್ನ ಗಲ್ಲಾದ ಮೇಲೆ ತಂದಿಟ್ಟಿದ್ದಳು. ಹೆಂಗ ಆಗ್ಯಾವ ನೋಡ್ರಿ ಎಂದಿದ್ದಳು. ಗಿರಾಕಿ ಅದಾರ, ಆಮ್ಯಾಲೆ ತಿಂತೀನಿ ಎಂದಿದ್ದೆ. ಆಮೇಲೆ ಮರೆತೆ. ಮರುದಿನ ಅವಳು ಆ ತಟ್ಟೆಯನ್ನು ಸುಮ್ಮನೆ ಒಳಗೆ ಒಯ್ದಳು.

ಆ ವರ್ಷದ ಉಂಡಿಯನ್ನು ನಾನು ತಿಂದೇ ಇರಲಿಲ್ಲ.